ಗೇರ್‌ಬಾಕ್ಸ್ ಒಳಗೆ ‘ಸ್ಟ್ರಾಬೆರಿ ಮಿಲ್ಕ್‌ಶೇಕ್’!

ಹಳೇ ಎಸ್‌ಯುವಿ ಓಡ್ತಾ ಓಡ್ತಾ ನಡುಗಿದ್ರೆ ಎಲ್ಲರೂ ಬೈಯೋದು ಗೇರ್‌ಬಾಕ್ಸ್‌ಗೆ. ಅಮೆರಿಕದಲ್ಲಿ 2005ರಿಂದ 2010ರ ನಡುವಿನ ನಿಸ್ಸಾನ್ ಪಾತ್‌ಫೈಂಡರ್ ಕೊಂಡ ಹಲವರೂ ಅದನ್ನೇ ಮಾಡಿದ್ರು. ಕಳ್ಳ ಇದ್ದದ್ದು ರೇಡಿಯೇಟರ್‌ನಲ್ಲಿ.

ಹೇಗೆ ಅಂತೀರಾ? ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ನ ಆಯಿಲ್ ತಣ್ಣಗಾಗಲಿ ಅಂತ ಒಂದು ಪುಟ್ಟ ಕೂಲರನ್ನು ರೇಡಿಯೇಟರ್ ಒಳಗೇ ಕೂರಿಸಿರ್ತಾರೆ. ಒಂದು ಕಡೆ ಆಯಿಲ್, ಇನ್ನೊಂದು ಕಡೆ ಕೂಲೆಂಟ್, ನಡುವೆ ತೆಳು ಲೋಹದ ಗೋಡೆ. ಈ ಗಾಡಿಗಳಲ್ಲಿ ಆ ಕೂಲರ್ ಬಿರುಕು ಬಿಡ್ತಿತ್ತು. ಎರಡೂ ಬೆರೆತು ಕೆಂಪು ಆಯಿಲ್ ಹಾಲು ಹಾಕಿದ ಹಾಗೆ ಗುಲಾಬಿ! ಮಾಲೀಕರು ಇಟ್ಟ ಹೆಸರು ‘ಸ್ಟ್ರಾಬೆರಿ ಮಿಲ್ಕ್‌ಶೇಕ್’. ಕೂಲೆಂಟ್‌ನ ನೀರು, ಗ್ಲೈಕಾಲ್ ಸೇರಿ ಕ್ಲಚ್ ಪ್ಲೇಟ್‌ಗಳ ಅಂಟನ್ನೇ ಬಿಡಿಸುತ್ತವೆ. ಮೊದಲು ನಡುಕ, ಆಮೇಲೆ ಗೇರ್ ಸ್ಲಿಪ್, ಕೊನೆಗೆ ನಡುರಸ್ತೆಯಲ್ಲಿ ಗಾಡಿ.

ವಿಷಯ ಕೋರ್ಟಿಗೆ ಹೋಯ್ತು. ರಾಜಿಯಲ್ಲಿ ವಾರಂಟಿ 10 ವರ್ಷ ಅಥವಾ 1 ಲಕ್ಷ ಮೈಲಿಗೆ ವಿಸ್ತರಣೆಯಾಯ್ತು. ಆದ್ರೆ 80 ಸಾವಿರ ಮೈಲಿ ದಾಟಿದವರು ಸಾವಿರಾರು ಡಾಲರ್ ತಾವೇ ಹಾಕಬೇಕಿತ್ತು. ಇದಕ್ಕೆ ವಾರಂಟಿ ಅನ್ನಬೇಕಾ, ನೀವೇ ಹೇಳಿ.

ಆ ಅವಧಿಯೂ ಈಗ ಮುಗಿದಿದೆ. ಗಾಡಿಗಳು ಮಾತ್ರ ಇನ್ನೂ ಮಾರಾಟಕ್ಕಿವೆ, ಅಲ್ಲಿಗೆ ಓದೋಕೆ ಹೋದವರ ಕೈಗೆಟಕುವ ಬೆಲೆಗೆ. ತಗೊಳ್ಳೋ ಮುಂಚೆ ರೇಡಿಯೇಟರ್ ಬದಲಾಯಿಸಿದ ಬಿಲ್ ಕೇಳಿ. ಆಯಿಲ್ ಬಣ್ಣ ಮೆಕ್ಯಾನಿಕ್‌ಗೆ ತೋರಿಸಿ. ಗುಲಾಬಿ ಕಂಡ್ರೆ ವಾಪಸ್ ಬನ್ನಿ. ಕೆಂಪಗೇ ಇದ್ದು, ರೇಡಿಯೇಟರ್ ಹಳೇದಾಗಿದ್ರೆ ಹೊಸದು ಹಾಕಿಸಿ, ಇಲ್ಲಾ ಆಯಿಲ್‌ಗೆ ಹೊರಗಡೆ ಬೇರೆ ಕೂಲರ್ ಕೂರಿಸಿ. ಗೇರ್‌ಬಾಕ್ಸ್ ಖರ್ಚಿನ ಮುಂದೆ ಅದು ಚಿಲ್ಲರೆ ಕಾಸು.