ಹೊಸ ಪಿಯಾನೊ ಅಪಶ್ರುತಿ ನುಡಿಯುವುದೇಕೆ?

ಲಕ್ಷಗಟ್ಟಲೆ ರೂಪಾಯಿ ಕೊಟ್ಟು ತಂದ ಪಿಯಾನೊ ಎರಡೇ ತಿಂಗಳಲ್ಲಿ ಅಪಶ್ರುತಿ ನುಡಿದರೆ, ಮೋಸಹೋದೆವೆಂದು ಮನೆಯವರು ಕಳವಳಪಡುವುದು ಸಹಜ. ಆದರೆ ದೂರು ಕೊಡುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಕೆಟ್ಟಿರುವುದು ಶ್ರುತಿಯೋ, ನಾದವೋ? ತಂಬೂರಿಯನ್ನು ನೆನಪಿಸಿಕೊಳ್ಳಿ. ಬಿರಡೆ ತಿರುಗಿಸಿದರೆ ಶ್ರುತಿ ಬದಲಾಗುತ್ತದೆ. ಕುದುರೆಯ ಮೇಲೆ ತಂತಿಯಡಿಯ ದಾರವನ್ನು ಸರಿಸಿದರೆ ಶ್ರುತಿ ಹಾಗೆಯೇ ಉಳಿದು ನಾದದ ಗುಣ ಮಾತ್ರ ಬದಲಾಗುತ್ತದೆ. ಪಿಯಾನೊದಲ್ಲಿಯೂ ಇವೆರಡರ ಕಾರಣಗಳು ಬೇರೆ, ಪರಿಹಾರಗಳೂ ಬೇರೆ.

ಮೊದಲು ಶ್ರುತಿಯನ್ನು ನೋಡೋಣ. ಪಿಯಾನೊದ 88 ಕೀಲಿಗಳಿಗೆ ಸುಮಾರು 230 ತಂತಿಗಳಿವೆ. ಇವೆಲ್ಲ ಸೇರಿ ಎಳೆಯುವ ಬಲ ಸುಮಾರು 18 ಟನ್ ತೂಕಕ್ಕೆ ಸಮ. ಅದನ್ನು ತಡೆಯಲೆಂದೇ ಒಳಗೆ ಎರಕದ ಕಬ್ಬಿಣದ ಚೌಕಟ್ಟಿರುತ್ತದೆ. ಹೊಸ ತಂತಿಗಳು ಮೊದಲ ಒಂದೆರಡು ವರ್ಷ ಸ್ವಲ್ಪಸ್ವಲ್ಪವೇ ಹಿಗ್ಗುತ್ತವೆ. ತಂತಿಯ ಕಂಪನಸಂಖ್ಯೆ ಅದರ ಬಿಗಿತದ ವರ್ಗಮೂಲವನ್ನು ಅನುಸರಿಸುತ್ತದೆ. ಆದ್ದರಿಂದ ಬಿಗಿತ ಶೇಕಡ 1ರಷ್ಟು ಕಡಿಮೆಯಾದರೂ, ಸೆಕೆಂಡಿಗೆ 440 ಸಲ ಕಂಪಿಸಬೇಕಾದ ತಂತಿ ಸುಮಾರು 438 ಸಲ ಮಾತ್ರ ಕಂಪಿಸುತ್ತದೆ.

ಎರಡನೆಯ ಕಾರಣ ಹವೆ. ತಂತಿಗಳ ಕಂಪನವನ್ನು ಗಟ್ಟಿಯಾಗಿ ಕೇಳಿಸುವುದು ಅವುಗಳ ಕೆಳಗಿನ ತೆಳು ಮರದ ಹಲಗೆ. ಮಳೆಗಾಲದಲ್ಲಿ ತೇವ ಹೀರಿ ಉಬ್ಬುವ ಈ ಹಲಗೆ ತಂತಿಗಳನ್ನು ಒತ್ತಿ ಶ್ರುತಿಯನ್ನು ಏರಿಸುತ್ತದೆ. ಒಣಹವೆಯಲ್ಲಿ ಕುಗ್ಗಿ ಇಳಿಸುತ್ತದೆ. ಹಾಗಾಗಿ ಮನೆಗೆ ಬಂದ ಪಿಯಾನೊವನ್ನು ಎರಡು ಮೂರು ವಾರ ಅಲ್ಲಿನ ಹವೆಗೆ ಹೊಂದಿಕೊಳ್ಳಲು ಬಿಟ್ಟು ಶ್ರುತಿ ಮಾಡಿಸುವುದು ಒಳ್ಳೆಯದು. ಮೊದಲ ವರ್ಷ ಮೂರು ನಾಲ್ಕು ಬಾರಿ ಮಾಡಿಸಬೇಕಾಗಬಹುದು.

ಇದನ್ನು ನೀವೇ ಪರೀಕ್ಷಿಸಬಹುದು. ಮಧ್ಯ ಮತ್ತು ಮೇಲಿನ ಸ್ವರಗಳಲ್ಲಿ ಒಂದೊಂದಕ್ಕೂ ಮೂರು ತಂತಿಗಳಿರುತ್ತವೆ. ಒಂದು 440, ಇನ್ನೊಂದು 438 ಸಲ ಕಂಪಿಸಿದರೆ ಸದ್ದು ಸೆಕೆಂಡಿಗೆ ಎರಡು ಬಾರಿ ಏರಿಳಿಯುತ್ತದೆ. ಭೌತವಿಜ್ಞಾನದ ಪಾಠದಲ್ಲಿ ಓದಿದ ಬೀಟ್ಸ್ ಎಂದರೆ ಇದೇ. ಎರಡು ತಂತಿಗಳನ್ನು ಮೆತ್ತನೆಯ ಫೆಲ್ಟ್ ತುಂಡಿನಿಂದ ಅದುಮಿ ಒಂದನ್ನೇ ನುಡಿಸಿ. ಏರಿಳಿತ ನಿಂತರೆ ದೋಷ ಶ್ರುತಿಯದು.

ಏರಿಳಿತವಿಲ್ಲದೆ ಸದ್ದು ಕರ್ಕಶವಾಗಿದ್ದರೆ ಸುತ್ತಿಗೆಗಳತ್ತ ನೋಡಬೇಕು. ಫೆಲ್ಟ್ ಹೊದಿಸಿದ ಈ ಸುತ್ತಿಗೆಗಳು ಗಟ್ಟಿಯಾಗಿದ್ದರೆ ತಂತಿಯನ್ನು ಕ್ಷಣಮಾತ್ರ ತಾಕಿ ಹಿಂದೆ ಸರಿಯುತ್ತವೆ. ಆಗ ಮೇಲಿನ ಉಪಸ್ವರಗಳು ಹೆಚ್ಚಾಗಿ ಕೇಳುತ್ತವೆ. ಅನುಭವಿ ಟ್ಯೂನರ್ ಸೂಜಿಯಿಂದ ಫೆಲ್ಟನ್ನು ಚುಚ್ಚಿ ಮೃದುಗೊಳಿಸಬಲ್ಲರು. ಆದರೆ ಬರಿಯ ಗೋಡೆ, ಕಲ್ಲಿನ ನೆಲವೂ ಸದ್ದನ್ನು ಕರ್ಕಶಗೊಳಿಸುತ್ತವೆ. ಮೊದಲು ಒಂದು ಜಮಖಾನೆ ಹಾಸಿ ನೋಡಿ. ಅದಕ್ಕೆ ಖರ್ಚು ಕಡಿಮೆ.

ಹಾಗಾದರೆ ನಿಜವಾದ ದೋಷ ಯಾವುದು? ಶ್ರುತಿ ಮಾಡಿಸಿದ ಕೆಲವೇ ದಿನಗಳಲ್ಲಿ ಅಕ್ಕಪಕ್ಕದ ಸ್ವರಗಳು ನಿಂತಿದ್ದು, ಒಂದೇ ಸ್ವರ ಮತ್ತೆ ಮತ್ತೆ ಇಳಿದರೆ ಆ ತಂತಿಯ ಬಿರಡೆ ಮರದಲ್ಲಿ ಸಡಿಲವಾಗಿರುವ ಸಾಧ್ಯತೆಯಿದೆ. ಇದನ್ನು ಮಾರಿದವರೇ ಸರಿಪಡಿಸಿಕೊಡಬೇಕೆಂದು ಕೇಳಬಹುದು. ಆಗ ಶ್ರುತಿ ಮಾಡಿಸಿದ ದಿನಾಂಕ ಮತ್ತು ತಪ್ಪಿದ ಸ್ವರಗಳನ್ನು ಬರೆದಿಟ್ಟ ಪುಸ್ತಕ ನಿಮ್ಮ ನೆರವಿಗೆ ಬರುತ್ತದೆ.

ಆದರೆ ಬಿರಡೆಯನ್ನು ನೀವೇ ತಿರುಗಿಸಲು ಹೋಗಬೇಡಿ. ಅತಿ ಬಿಗಿತದಲ್ಲಿರುವ ತಂತಿ ತುಂಡಾದರೆ ಕಣ್ಣಿಗೇ ಅಪಾಯ. ಹಾಗೆಂದು ಶ್ರುತಿಯನ್ನು ವರ್ಷಗಟ್ಟಲೆ ಮುಂದೂಡುವುದೂ ಸರಿಯಲ್ಲ. ತಪ್ಪು ಶ್ರುತಿಯಲ್ಲಿ ಕಲಿಯುವ ಮಗುವಿನ ಕಿವಿ ಅದನ್ನೇ ಸರಿಯೆಂದು ನಂಬಿಬಿಡುತ್ತದೆ. ಪಿಯಾನೊದ ಶ್ರುತಿಯನ್ನು ಒಂದು ದಿನದಲ್ಲಿ ಸರಿಮಾಡಬಹುದು. ಕಿವಿಯನ್ನು ತಿದ್ದಲು ಬಹುಕಾಲ ಬೇಕು.