ಮನೆ ನವನಗರದಾಗ, ಸಂತಿ ಹಳೇ ಊರಾಗ!

ಬಾಗಲಕೋಟೆ: ಬೆಳಗಿನ ಸಿಟಿ ಬಸ್ಸು ಹತ್ತಿದರೆ ಸಾಕು, ಈ ಊರಿನ ಕಥೆಯೆಲ್ಲ ತಿಳಿಯುತ್ತದೆ. ಹಳೇ ಊರಿನಿಂದ ನವನಗರಕ್ಕೆ ಹೊರಟವರ ಕೈಯಲ್ಲಿ ಫೈಲು, ಅರ್ಜಿ, ಊಟದ ಡಬ್ಬಿ. ನವನಗರದಿಂದ ಹಳೇ ಊರಿಗೆ ಹೊರಟವರ ಕೈಯಲ್ಲಿ ಖಾಲಿ ಚೀಲ. ಕಚೇರಿ ಅತ್ತ, ಪೇಟೆ ಇತ್ತ, ನಡುವೆ ವಿದ್ಯಾಗಿರಿ. ಒಂದು ಊರು ಎರಡು ಕಡೆ ಕುಂತಿದೆ. ಜನ ಮಾತ್ರ ಬಸ್ಸಿನಲ್ಲಿ ನಿಂತಿದ್ದಾರೆ!

ಇದು ತಾನಾಗಿ ಬೆಳೆದ ಊರಲ್ಲ, ಕಾಗದದ ಮೇಲೆ ಗೆರೆ ಎಳೆದು ಕಟ್ಟಿದ ಊರು. ಆಲಮಟ್ಟಿ ಹಿನ್ನೀರು ಘಟಪ್ರಭೆಯ ದಂಡೆಯ ಊರನ್ನು ನುಂಗುತ್ತದೆಂದು ಗೊತ್ತಾದ ಮೇಲೆ 1983ರ ಕಾಯ್ದೆಯಿಂದ ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ ಹುಟ್ಟಿತು. ನವಿ ಮುಂಬಯಿಯ ಕಲ್ಪನೆ ಕೊಟ್ಟವರಲ್ಲೊಬ್ಬರಾದ ಚಾರ್ಲ್ಸ್ ಕೊರಿಯಾ ಅವರ ಕೈಯೂ ನವನಗರದ ಯೋಜನೆಯಲ್ಲಿತ್ತು. ಅಗಲ ರಸ್ತೆ, ಯುನಿಟ್ಟು, ಸೆಕ್ಟರು, ನಂಬರು ಹಾಕಿದ ಸೈಟು. 1997ರಲ್ಲಿ ಬಾಗಲಕೋಟೆ ಜಿಲ್ಲೆಯಾದ ಮೇಲೆ ಜಿಲ್ಲಾ ಕಚೇರಿಗಳೂ ಅಲ್ಲೇ ನೆಲೆಯೂರಿದವು.

ಗಾಳಿ ಬೆಳಕಿಗೆ ನವನಗರದಲ್ಲಿ ಕೊರತೆ ಇಲ್ಲ, ಅದನ್ನು ಒಪ್ಪಲೇಬೇಕು. ಹಳೇ ಊರಿನ ಸಂದಿಯಲ್ಲಿ ಎರಡು ಸೈಕಲ್ಲು ಎದುರುಬದುರಾದರೆ ಒಬ್ಬ ಇಳಿಯಬೇಕು. ಆದರೆ ಆ ಸಂದಿಯ ಕಟ್ಟೆಯ ಮೇಲೆ ಸಂಜೆ ನಾಲ್ಕು ಮಂದಿ ಕೂಡುತ್ತಿದ್ದರು. ಸೆಕ್ಟರಿನ ರಸ್ತೆಯಲ್ಲಿ ನಾಯಿ ಕೂಡ ಅವಸರದಲ್ಲಿ ದಾಟುತ್ತದೆ!

ವಿಳಾಸದ ಮಾತೇ ಬೇರೆ. ಕಿಲ್ಲಾ, ಹೊಸಪೇಟೆ, ಹಳಪೇಟೆ, ಜೈನಪೇಟೆ, ವೆಂಕಟಪೇಟೆ ಅಂದರೆ ಸಾಕಿತ್ತು; ಮನೆ ಯಾವುದು, ಮನೆತನ ಯಾವುದು, ಯಾರ ಅಳಿಯ ಎಂಬುದೆಲ್ಲ ಒಟ್ಟಿಗೇ ತಿಳಿಯುತ್ತಿತ್ತು. ಈಗ 'ಎಷ್ಟನೇ ಸೆಕ್ಟರ್‌ರೀ?' ಅಂತ ಕೇಳುತ್ತಾರೆ. ಹೋಳಿ ಬಂದಾಗ ಮಾತ್ರ ಸೆಕ್ಟರು ಮರೆತುಹೋಗುತ್ತದೆ. ಹಲಗೆ ಸದ್ದು, ಬಣ್ಣದ ಬಂಡಿ ಎಲ್ಲಾ ಹಳೇ ಓಣಿಗಳ ಲೆಕ್ಕದಲ್ಲೇ. ಸೈಟು ಸಿಕ್ಕ ಮೇಲೂ ಓಣಿ ಬಿಟ್ಟುಹೋಗಿಲ್ಲ.

ಅಂಗಡಿಯವರ ಪಾಡು ಇದಕ್ಕಿಂತ ಗಟ್ಟಿಯಾದದ್ದು. ಸರಕಾರ ಗೋಡೆ ಅಳೆಯಿತು, ಮಾಳಿಗೆ ಅಳೆಯಿತು, ಬೆಲೆ ಕಟ್ಟಿತು. ಮೂವತ್ತು ವರ್ಷದ ಉದ್ರಿ ಖಾತೆಗೆ ಬೆಲೆ ಕಟ್ಟುವವರು ಯಾರು? ಹಳ್ಳಿಯಿಂದ ಲಗ್ನದ ಜವಳಿಗೆ ಬರುವ ಗಿರಾಕಿ ಮೊದಲು ಬಟ್ಟೆ ನೋಡುತ್ತಾನೆ, ಹತ್ತು ಹೆಜ್ಜೆ ನಡೆದು ಬಂಗಾರ ನೋಡುತ್ತಾನೆ, ಮತ್ತೆ ಹತ್ತು ಹೆಜ್ಜೆಗೆ ಭಾಂಡೆ ಅಂಗಡಿ. ಒಂದು ಅಂಗಡಿಯ ಗಿರಾಕಿಯನ್ನು ಪಕ್ಕದ ಅಂಗಡಿ ಎಳೆದು ತರುತ್ತದೆ. ಇವುಗಳಲ್ಲಿ ಒಂದನ್ನೇ ಕಿತ್ತು ಸೆಕ್ಟರಿನ ಮೂಲೆಗೆ ನೆಟ್ಟರೆ ಬೆಳಗಿನ ಹಾಲು, ಸಂಜೆಯ ಬ್ರೆಡ್ಡು ಮಾರಿಕೊಂಡು ಕೂಡಬೇಕು. ನಕ್ಷೆ ಬರೆದವರು ಅಂಗಡಿಗೆ ಜಾಗ ತೋರಿಸಿದರು, ಸರಿ. ವ್ಯಾಪಾರ ನಕ್ಷೆಯ ಮಾತು ಕೇಳಲಿಲ್ಲ.

2023ರ ಜೂನ್‌ನಿಂದ ಹೆಂಗಸರಿಗೆ ಸರಕಾರಿ ಬಸ್ಸು ಪುಕ್ಕಟೆ. ನವನಗರದ ಕಿರಾಣಿಯವನಿಗೆ ಇದು ಇನ್ನೊಂದು ಪೆಟ್ಟು. ಎರಡು ರೂಪಾಯಿ ಕಡಿಮೆಗೆ ಹಳೇ ಪೇಟೆಗೆ ಹೋಗಿಬಂದರೆ ಅಕ್ಕನವರಿಗೆ ಖರ್ಚೇ ಇಲ್ಲವಲ್ಲ!

ಹಾಗಾದರೆ ಹಳೇ ಪೇಟೆಯವರು ಸುಖವಾಗಿದ್ದಾರೆಯೇ? ಅದೂ ಇಲ್ಲ. 2000ದಲ್ಲಿ ಸುಪ್ರೀಂ ಕೋರ್ಟು ಆಲಮಟ್ಟಿಗೆ 519.6 ಮೀಟರ್ ಮಟ್ಟ ಒಪ್ಪಿತು. 2010ರ ಕೊನೆಗೆ ಕೃಷ್ಣಾ ನ್ಯಾಯಮಂಡಳಿ 524.256 ಮೀಟರ್‌ವರೆಗೆ ನೀರು ನಿಲ್ಲಿಸಬಹುದು ಎಂದಿತು. ವ್ಯಾಜ್ಯ ಮತ್ತೆ ಸುಪ್ರೀಂ ಕೋರ್ಟಿಗೆ ಹೋಗಿ ಗೆಜೆಟ್ ಅಧಿಸೂಚನೆ ನಿಂತುಬಿಟ್ಟಿತು. ಎರಡು ಅಂಕಿಗಳ ನಡುವೆ ಇರುವುದು ಸುಮಾರು 15 ಅಡಿ. ಹೊಳೆಯ ಲೆಕ್ಕಕ್ಕೆ ಅದೇನು ದೊಡ್ಡದಲ್ಲ. ತಗ್ಗಿನ ಓಣಿಯ ಲೆಕ್ಕಕ್ಕೆ ಅದು ನೆಲದಿಂದ ಅಟ್ಟದ ತನಕ!

ಸ್ವಾಧೀನ ನಡೆದದ್ದು ಹಂತಹಂತವಾಗಿ, ನೀರಿನ ಮಟ್ಟದ ಗೆರೆ ಹಿಡಿದು. ಗೆರೆಯ ಕೆಳಗಿನವರು ಸೈಟು ಹಿಡಿದು ನಡೆದರು, ಮೇಲಿನವರು ಉಳಿದರು. ಉಳಿದವರಿಗೆ ಮುಂದಿನ ಗೆರೆಯ ಕಾಟ. ಅಂಗಡಿಯ ಗೋಡೆ ಬಿರುಕು ಬಿಟ್ಟರೆ ಹೊಸದು ಕಟ್ಟಬೇಕೋ, ತೇಪೆ ಹಾಕಬೇಕೋ? ಮಗನಿಗೆ ಇದೇ ಗಲ್ಲಾದ ಮೇಲೆ ಕೂಡು ಅನ್ನಬೇಕೋ, ನವನಗರದಲ್ಲಿ ಈಗಲೇ ಬಾಡಿಗೆಗೆ ಮಳಿಗೆ ನೋಡು ಅನ್ನಬೇಕೋ? ದಿಲ್ಲಿಯ ಕಾಗದಕ್ಕೆ ಕಾಯುತ್ತ ಸುಣ್ಣ ಬಳಿಯುವುದನ್ನೂ ಮುಂದೂಡಿದವರಿದ್ದಾರೆ.

ಇತ್ತ ಕತ್ತಲಾಗುತ್ತಿದ್ದಂತೆ ಹಳೇ ಪೇಟೆಯ ಅಂಗಡಿಗಳ ಷಟರು ಒಂದೊಂದೇ ಇಳಿಯುತ್ತವೆ. ದಿನವಿಡೀ ಇಲ್ಲಿ ವ್ಯಾಪಾರ ಮಾಡಿದ ಯಜಮಾನರಲ್ಲಿ ಹಲವರ ಮನೆ ಈಗ ನವನಗರದಲ್ಲಿ. ಕೀಲಿ ಹಾಕಿ, ಎರಡು ಸಲ ಜಗ್ಗಿ ನೋಡಿ, ಗಿರಾಕಿಗಳು ಹತ್ತಿದ ಅದೇ ಬಸ್ಸಿಗೆ ಅವರೂ ಓಡುತ್ತಾರೆ.