ನಪಾಸಾದ ನಾಯಿಗೂ ಒಂದು ಮನೆ

ಮುಂಬಯಿ: 1993ರ ಸರಣಿ ಬಾಂಬ್ ಸ್ಫೋಟದ ದಿನಗಳನ್ನು ಕಂಡ ಮುಂಬಯಿ ಕನ್ನಡಿಗರು ‘ಜಂಜೀರ್’ ಎಂಬ ಹೆಸರನ್ನು ಮರೆತಿರಲಿಕ್ಕಿಲ್ಲ. ನಗರ ಪೊಲೀಸರ ಬಾಂಬ್ ಪತ್ತೆ ದಳದ ಈ ಲ್ಯಾಬ್ರಡಾರ್ ನಾಯಿ 3,329 ಕಿಲೋ ಆರ್‌ಡಿಎಕ್ಸ್ ಪತ್ತೆಹಚ್ಚಿ ಅಸಂಖ್ಯ ಜೀವಗಳನ್ನು ಉಳಿಸಿತ್ತು. 2000ದ ನವೆಂಬರ್‌ನಲ್ಲಿ ಅದು ತೀರಿಕೊಂಡಾಗ ಸಕಲ ಗೌರವದೊಂದಿಗೆ ಅಂತ್ಯಸಂಸ್ಕಾರ ನಡೆಯಿತು. ಕೆಲಸದಲ್ಲಿ ಗೆದ್ದ ನಾಯಿಯ ಮಾತಾಯಿತು. ಅಂಥ ಕೆಲಸಕ್ಕೆಂದೇ ಆಯ್ಕೆಯಾಗಿ, ತರಬೇತಿಯ ನಡುವೆ ‘ಇದರಿಂದಾಗದು’ ಎನಿಸಿಕೊಂಡ ನಾಯಿಯ ಗತಿ ಏನು?

ಅಮೆರಿಕದಲ್ಲಿ ಇದಕ್ಕೊಂದು ವ್ಯವಸ್ಥೆಯಿದೆ. ಅಂಧರಿಗೆ ದಾರಿ ತೋರುವ ನಾಯಿಗಳನ್ನು ಸಿದ್ಧಪಡಿಸುವ ‘ದಿ ಸೀಯಿಂಗ್ ಐ’ ಸಂಸ್ಥೆ 1929ರಲ್ಲಿ ಆರಂಭವಾದದ್ದು. ಈಗ ಅದು ಭಾರತೀಯರು ದೊಡ್ಡ ಸಂಖ್ಯೆಯಲ್ಲಿರುವ ನ್ಯೂಜೆರ್ಸಿಯ ಮಾರಿಸ್‌ಟೌನ್‌ನಲ್ಲಿದೆ. ಕ್ಯಾಲಿಫೋರ್ನಿಯಾದ ‘ಗೈಡ್ ಡಾಗ್ಸ್ ಫಾರ್ ದಿ ಬ್ಲೈಂಡ್’ 1942ರದ್ದು. ಸುಮಾರು ಎಂಟು ವಾರದ ಮರಿಯನ್ನು ಸ್ವಯಂಸೇವಕರ ಮನೆಗೆ ಸಾಕಲು ಕೊಡುತ್ತಾರೆ. ಒಂದು ವರ್ಷ ದಾಟಿದ ಮೇಲೆ ಅದು ಸಂಸ್ಥೆಗೆ ಮರಳುತ್ತದೆ, ತಿಂಗಳುಗಟ್ಟಲೆ ನಿಜವಾದ ತರಬೇತಿ ನಡೆಯುತ್ತದೆ. ಒಡೆಯ ‘ಮುಂದೆ ನಡೆ’ ಎಂದರೂ ಎದುರಿಗೆ ವಾಹನ ಬರುತ್ತಿದ್ದರೆ ಮಾತು ಮೀರಿ ನಿಂತುಬಿಡುವಷ್ಟು ವಿವೇಕ ಅದಕ್ಕೆ ಬರಬೇಕು. ಇದು ಎಲ್ಲ ನಾಯಿಗಳಿಗೂ ಸಾಧ್ಯವಾಗುವುದಿಲ್ಲ. ಒಂದಕ್ಕೆ ಅಳಿಲು ಕಂಡರೆ ಓಡುವ ಚಪಲ, ಇನ್ನೊಂದಕ್ಕೆ ಲಾರಿಯ ಸದ್ದಿಗೆ ಭಯ, ಮತ್ತೊಂದಕ್ಕೆ ಸೊಂಟದ ಕೀಲಿನ ದೋಷ ಅಥವಾ ಚರ್ಮದ ಅಲರ್ಜಿ. ಇಂಥವುಗಳನ್ನು ಅಲ್ಲಿ ‘ಅನುತ್ತೀರ್ಣ’ ಎನ್ನುವುದಿಲ್ಲ, ‘ವೃತ್ತಿ ಬದಲಿಸಿದ ನಾಯಿ’ ಎನ್ನುತ್ತಾರೆ. ಊರಲ್ಲಿ ನಪಾಸಾಗಿ ಮುಂಬಯಿ ಬಸ್ಸು ಹತ್ತಿದ ಹುಡುಗರು ಹೊಟೇಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಕಲಿತು ಬಾಳು ಕಟ್ಟಿಕೊಂಡದ್ದನ್ನು ಬಲ್ಲವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ‘ಲುಲು’ ಎಂಬ ಕಪ್ಪು ಲ್ಯಾಬ್ರಡಾರ್ 2017ರಲ್ಲಿ ಸುದ್ದಿಯಾದದ್ದು ಹೀಗೆಯೇ. ಬಾಂಬ್ ಮೂಸುವ ತರಬೇತಿಯಲ್ಲಿ ಅದಕ್ಕೆ ಆಸಕ್ತಿಯೇ ಹೊರಟುಹೋಯಿತು. ತಿಂಡಿ ಕೊಟ್ಟರೂ ಆಟ ಆಡಿಸಿದರೂ ಮನಸ್ಸು ಬರಲಿಲ್ಲ. ಕೊನೆಗೆ ಅದನ್ನು ನೋಡಿಕೊಳ್ಳುತ್ತಿದ್ದ ಸಿಬ್ಬಂದಿಯೇ ಮನೆಗೆ ಕರೆದೊಯ್ದರು. ಈಗ ಬಾಂಬಿನ ಬದಲು ಮೊಲ, ಅಳಿಲುಗಳ ವಾಸನೆ ಹಿಡಿಯುವುದೇ ಅದರ ಉದ್ಯೋಗವಾಯಿತೆಂದು ಸಂಸ್ಥೆಯೇ ಹೇಳಿಕೊಂಡಿತು. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ಪೊಲೀಸರ ‘ಗ್ಯಾವೆಲ್’ ಎಂಬ ಜರ್ಮನ್ ಶೆಫರ್ಡ್‌ನದು ಇನ್ನೂ ಸ್ವಾರಸ್ಯ. ಕಂಡವರೊಡನೆಲ್ಲ ಸ್ನೇಹ ಮಾಡುವ ಸ್ವಭಾವದಿಂದ ಪೊಲೀಸ್ ಕೆಲಸ ತಪ್ಪಿತು. 2017ರಲ್ಲಿ ಬ್ರಿಸ್ಬೇನ್‌ನ ರಾಜಭವನದಲ್ಲಿ ಅತಿಥಿಗಳನ್ನು ಸ್ವಾಗತಿಸುವ ಹುದ್ದೆ ಸಿಕ್ಕಿತು!

ಇಂಥ ಸುದ್ದಿ ಓದಿ, ‘ಕಲಿತ ನಾಯಿ ಸುಲಭವಾಗಿ ಸಿಗುತ್ತದೆ’ ಎಂದು ಅರ್ಜಿ ಹಾಕುವವರು ಬಹಳ. ಎಡವುವುದು ಇಲ್ಲಿಯೇ. ಮೊದಲನೆಯದಾಗಿ, ಮರಿಯಿಂದ ಸಾಕಿದ ಸ್ವಯಂಸೇವಕರಿಗೇ ಸಾಮಾನ್ಯವಾಗಿ ಆದ್ಯತೆ. ಅವರು ಬೇಡವೆಂದ ಮೇಲೆ ಉಳಿದವರ ಸರದಿ, ಅದಕ್ಕೆ ಬಹುಕಾಲ ಕಾಯಬೇಕಾದೀತು. ಬಾಂಬ್ ಪತ್ತೆ ಅಥವಾ ಸೇನೆಯ ತರಬೇತಿಯಿಂದ ಹೊರಬಂದ ನಾಯಿಯಾದರೆ ಮತ್ತೂ ಎಚ್ಚರ ಬೇಕು. ಗೂಡಿನಲ್ಲಿ ಬೆಳೆದ ಅದಕ್ಕೆ ಮನೆಯೊಳಗೆ ಮಲಮೂತ್ರ ಮಾಡಬಾರದೆಂಬುದೇ ಗೊತ್ತಿರದಿರಬಹುದು, ಚಿಕ್ಕ ಮಕ್ಕಳ ಒಡನಾಟ ಇರದಿರಬಹುದು. ದಿನವಿಡೀ ದುಡಿಯಲೆಂದು ಆರಿಸಿದ ತಳಿಯದು. ದಂಪತಿ ಇಬ್ಬರೂ ಆಫೀಸಿಗೆ ಹೋದರೆ ಖಾಲಿ ಮನೆಯಲ್ಲಿ ಅದು ಸುಮ್ಮನೆ ಕೂರದು. ಸೋಫಾ ಹರಿದರೆ ತಪ್ಪು ನಾಯಿಯದಲ್ಲ. ಬೇಲಿಯಿರುವ ಅಂಗಳ, ದಿನಾ ನಡಿಗೆ, ಆರೋಗ್ಯ ದೋಷವಿದ್ದರೆ ಪಶುವೈದ್ಯರ ದುಬಾರಿ ಬಿಲ್ಲು, ಎಲ್ಲಕ್ಕೂ ತಯಾರಿರಬೇಕು. ಅರ್ಧ ತರಬೇತಿ ಪಡೆದಿದೆಯೆಂದು ಅಂಗಡಿ, ಹೊಟೇಲುಗಳೊಳಗೆ ಕರೆದೊಯ್ಯುವ ಹಕ್ಕೂ ಬರುವುದಿಲ್ಲ. ಆ ಸೌಲಭ್ಯ ಅಂಗವಿಕಲರ ನೆರವಿಗೆ ತರಬೇತಿ ಪಡೆದ ನಾಯಿಗೆ ಮಾತ್ರ.

ಮಗ, ಮಗಳ ಮನೆಗೆಂದು ಆರು ತಿಂಗಳು ಅಮೆರಿಕಕ್ಕೆ ಹೋಗುವ ಇಲ್ಲಿನ ಹಿರಿಯರಿಗೂ ಇದರಲ್ಲಿ ಪಾಲಿದೆ. ಹಗಲು ನಾಯಿಯ ಜೊತೆ ಉಳಿಯುವವರು ಅವರೇ ತಾನೆ! ಅಜ್ಜಿಯ ಪ್ರೀತಿಯೆಂದು ಪಾಯಸದ ಒಣದ್ರಾಕ್ಷಿಯನ್ನೋ ಈರುಳ್ಳಿ ಬೆರೆಸಿದ ಪಲ್ಯವನ್ನೋ ಹಾಕಿದರೆ ನಾಯಿಗೆ ಅದು ವಿಷವಾಗಬಲ್ಲದು. ಲ್ಯಾಬ್ರಡಾರ್ ಅಂತೂ ಎಷ್ಟು ಹಾಕಿದರೂ ತಿನ್ನುವ ಜಾತಿ. ಬೇಗ ಬೊಜ್ಜು ಬಂದು ಮೊದಲೇ ಕೆಟ್ಟ ಕೀಲು ಇನ್ನಷ್ಟು ಕೆಡುತ್ತದೆ. ನಾಯಿಗೆ ಹೆದರುವ ಹಿರಿಯರು ಮನೆಯಲ್ಲಿದ್ದರೆ ಅದನ್ನು ಅರ್ಜಿ ಹಾಕುವ ಮೊದಲೇ ಹೇಳಿಬಿಡಬೇಕು, ನಾಯಿ ಬಂದ ಮೇಲಲ್ಲ. ಒಮ್ಮೆ ಸಾಕಿದ ಮನೆ, ಮತ್ತೊಮ್ಮೆ ತರಬೇತಿ ಕೇಂದ್ರ ಬಿಟ್ಟು ಬಂದ ಪ್ರಾಣಿಗೆ ಮೂರನೆಯ ಸಲ ಜಾಗ ಬದಲಿಸುವುದು ಹಗುರದ ಮಾತಲ್ಲ.

ನಾಯಿಯನ್ನು ತರುವ ಮೊದಲು ಅದನ್ನು ಕೈಬಿಟ್ಟ ಕಾರಣವೇನೆಂದು ಸಂಸ್ಥೆಯವರನ್ನು ಬಿಡಿಸಿ ಕೇಳಬೇಕು, ವೈದ್ಯಕೀಯ ದಾಖಲೆ ಪಡೆಯಬೇಕು. ಮೊದಲ ಭೇಟಿಗೆ ಮನೆಮಂದಿಯೆಲ್ಲ ಒಟ್ಟಿಗೆ ಹೋಗುವುದು ಒಳ್ಳೆಯದು. ಮುಂಬಯಿಯಿಂದ ಬಂದ ಅಜ್ಜ, ಅಜ್ಜಿ ಆಗ ಅಲ್ಲಿದ್ದರೆ ಅವರೂ.